ಮೊದಲು ಪರದೆ, ಆಮೇಲೆ ಪ್ರೊಸೆಸರ್

ಸಿಇಟಿ ಸೀಟು ಹಂಚಿಕೆ ಶುರುವಾಯಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು: ಯಾವ ಲ್ಯಾಪ್‌ಟಾಪ್ ತಗೊಳ್ಳಲಿ? ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ, ಪ್ರತಿ ಪತ್ರದ ಕೆಳಗೆ ನನ್ನ ಉತ್ತರವಿದೆ. ನಾನು ಹುಬ್ಬಳ್ಳಿಯಲ್ಲಿ ರಿಪೇರಿ ಮೇಜಿನ ಮುಂದೆ ಕೂರುವವಳು, ಹಾಗಾಗಿ ಕೊಂಡು ನಾಲ್ಕು ವರ್ಷವಾದ ಯಂತ್ರಗಳೇ ನನ್ನ ಕಣ್ಣಿಗೆ ಬೀಳುವುದು ಹೆಚ್ಚು. ಅವುಗಳನ್ನು ತಂದವರು ‘ಪ್ರೊಸೆಸರ್ ಸಾಲದು’ ಎಂದು ದೂರುವುದು ಅಪರೂಪ. ರ‍್ಯಾಮ್ ಸಾಲದು, ಪರದೆ ಮಂಕು, ಹಿಂಜ್ ಮುರಿದಿದೆ, ಬ್ಯಾಟರಿ ಉಬ್ಬಿದೆ, ಇವೇ ದೂರುಗಳು. ಕೊಳ್ಳುವಾಗ ಮಾತ್ರ ಎಲ್ಲರೂ ಕೇಳುವುದು ಐ5 ಬೇಕೋ ಐ7 ಬೇಕೋ ಎಂದು.

ನಾನು ನಿವೃತ್ತ ಕನ್ನಡ ಅಧ್ಯಾಪಕ. ದಿನಕ್ಕೆ ನಾಲ್ಕೈದು ಗಂಟೆ ಹಳೆಯ ಪುಸ್ತಕಗಳ ಸ್ಕ್ಯಾನ್ ಓದಿ ಟೈಪ್ ಮಾಡುತ್ತೇನೆ. ಈಗಿರುವ ಲ್ಯಾಪ್‌ಟಾಪಿನಲ್ಲಿ ಒತ್ತಕ್ಷರ ಸರಿಯಾಗಿ ಕಾಣದೆ ಕಣ್ಣು ನೋಯುತ್ತದೆ. ದೊಡ್ಡದಿರಲಿ ಎಂದು 15.6 ಇಂಚಿನದನ್ನು ನೋಡುತ್ತಿದ್ದೇನೆ. ಓಎಲ್‌ಇಡಿ ಕಣ್ಣಿಗೆ ಹಿತ ಎಂದು ಅಂಗಡಿಯವರು ಹೇಳುತ್ತಾರೆ. ₹60,000ದವರೆಗೆ ಕೊಡಬಲ್ಲೆ.
— ಓದುಗರು, ಧಾರವಾಡ

ಸರ್, ನಿಮ್ಮ ಪತ್ರಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಕನ್ನಡ ಓದುವವರ ಪರದೆಯ ಬಗ್ಗೆ ಜಾಹೀರಾತುಗಳು ಏನೂ ಹೇಳುವುದಿಲ್ಲ.

ನಿಮ್ಮ ಹಳೆಯ ಯಂತ್ರದ ಪರದೆ ಬಹುಶಃ 1366×768 ಪಿಕ್ಸೆಲ್‌ನದು. ಒಟ್ಟು ಸುಮಾರು 10 ಲಕ್ಷ ಚುಕ್ಕೆ. 15.6 ಇಂಚಿಗೆ ಇಷ್ಟನ್ನು ಹರಡಿದರೆ ಒಂದಿಂಚಿನಲ್ಲಿ 100 ಚುಕ್ಕೆ ಮಾತ್ರ. ಇಂಗ್ಲಿಷ್ ಅಕ್ಷರಕ್ಕೆ ಅದು ಹೇಗೋ ಸಾಲುತ್ತದೆ. ಕನ್ನಡಕ್ಕೆ ಸಾಲದು. ‘ದ’ ಮತ್ತು ‘ಧ’ಕ್ಕೆ, ‘ಪ’ ಮತ್ತು ‘ಫ’ಕ್ಕೆ ಇರುವ ವ್ಯತ್ಯಾಸ ಬುಡದ ಒಂದು ಸಣ್ಣ ಗೆರೆ. ‘ಥ’ದ ಗುರುತು ಹೊಟ್ಟೆಯೊಳಗಿನ ಒಂದು ಚುಕ್ಕೆ. ‘ರಾಷ್ಟ್ರ’ದಲ್ಲಿ ಮೂರು ವ್ಯಂಜನಗಳು ಒಂದರ ಕೆಳಗೊಂದು, ಪಕ್ಕಕ್ಕೊಂದು ಇಕ್ಕಟ್ಟಾಗಿ ಕೂರಬೇಕು. ಚುಕ್ಕೆ ಕಡಿಮೆಯಾದಾಗ ಈ ಗೆರೆಗಳೆಲ್ಲ ಕಲಸಿಹೋಗುತ್ತವೆ, ಅಂದಾಜಿನ ಮೇಲೆ ಓದಬೇಕಾಗುತ್ತದೆ. ನಿಮಗೆ ನೋವು ಬರುವುದು ಆ ಅಂದಾಜಿನ ಶ್ರಮದಿಂದ.

ಅದೇ 15.6 ಇಂಚಿನಲ್ಲಿ 1920×1080 ಇದ್ದರೆ ಇಂಚಿಗೆ 141 ಚುಕ್ಕೆ. 14 ಇಂಚಿನಲ್ಲಿ 1920×1200 ಇದ್ದರೆ 162. ನಾನು ನಿಮಗೆ ಹೇಳುವುದು ಈ ಎರಡನೆಯದನ್ನೇ. ‘ಅದು ಚಿಕ್ಕದಲ್ಲವೇ’ ಎನ್ನುತ್ತೀರಿ. ಇಂಚನ್ನು ಅಳೆಯುವುದು ಮೂಲೆಯಿಂದ ಮೂಲೆಗೆ. 15.6 ಇಂಚಿನ ಹಳೆಯ 16:9 (ಅಗಲ:ಎತ್ತರ) ಅಳತೆಯ ಪರದೆ ಅಗಲಕ್ಕೆ ಹಿಗ್ಗಿರುತ್ತದೆ, ಅದರ ಎತ್ತರ 19.4 ಸೆಂ.ಮೀ. 16:10 ಅನುಪಾತದ 14 ಇಂಚಿನ ಪರದೆಯ ಎತ್ತರ 18.8 ಸೆಂ.ಮೀ. ವ್ಯತ್ಯಾಸ ಆರು ಮಿಲಿಮೀಟರ್ ಅಷ್ಟೆ. ಪುಟ ಓದುವವರಿಗೆ ಬೇಕಾದದ್ದು ಎತ್ತರ. ಪಕ್ಕದ ಅಗಲ ಸಿನಿಮಾ ನೋಡುವವರಿಗೆ. ಒಂದು ಬದಿ ಸ್ಕ್ಯಾನ್, ಇನ್ನೊಂದು ಬದಿ ಟೈಪಿಂಗ್ ಇಟ್ಟುಕೊಂಡೇ ಕೆಲಸ ಮಾಡುತ್ತೀರಾದರೆ 16 ಇಂಚಿನ 1920×1200 ನೋಡಿ. ತೂಕ ಹೆಚ್ಚಾಗುತ್ತದೆ, ಆದರೆ ನೀವು ಹೊತ್ತು ತಿರುಗುವವರಲ್ಲವಲ್ಲ.

ವಿಂಡೋಸ್‌ನಲ್ಲಿ ಸ್ಕೇಲಿಂಗನ್ನು ಶೇ. 125 ಅಥವಾ 150ಕ್ಕೆ ಇಡಿ. ‘ಅಕ್ಷರ ದೊಡ್ಡದಾಗಲಿ’ ಎಂದು ರೆಸಲ್ಯೂಶನ್ ಕಡಿಮೆ ಮಾಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ದುಡ್ಡು ಕೊಟ್ಟು ತಂದ ಚುಕ್ಕೆಗಳೆಲ್ಲ ವ್ಯರ್ಥವಾಗಿ ಅಕ್ಷರ ಮತ್ತೆ ಮಸುಕಾಗುತ್ತದೆ.

ಈಗ ಓಎಲ್‌ಇಡಿ ವಿಚಾರ. ಐಪಿಎಸ್ ಎಂಬ ಎಲ್‌ಸಿಡಿ ಬಗೆಯ ಪರದೆಯ ಹಿಂದೆ ಒಂದು ದೀಪ ಸದಾ ಉರಿಯುತ್ತದೆ, ಮುಂದಿನ ದ್ರವಸ್ಫಟಿಕದ ಪದರ ಅದನ್ನು ಎಷ್ಟು ಬೇಕೋ ಅಷ್ಟು ಬಿಡುತ್ತದೆ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ಕಪ್ಪು ಬೇಕಾದ ಕಡೆ ಪೂರ್ತಿ ಆರುತ್ತದೆ. ನೋಡಲು ಬಲು ಚೆಂದ, ಸುಳ್ಳಲ್ಲ. ಆದರೆ ಬೆಳಕು ತಗ್ಗಿಸಿದಾಗ ಹಲವು ಓಎಲ್‌ಇಡಿಗಳು ನಿಜವಾಗಿ ಮಂಕಾಗುವುದಿಲ್ಲ. ಸೆಕೆಂಡಿಗೆ ನೂರಾರು ಬಾರಿ ಆರಿ ಹೊತ್ತಿ, ಮಂಕಾದಂತೆ ತೋರಿಸುತ್ತವೆ. ಸೆಕೆಂಡಿಗೆ 240 ಬಾರಿ ಹೀಗೆ ಮಾಡುವ ಪರದೆಗಳು ಬಹಳ ಇವೆ. ಕಣ್ಣಿಗೆ ಇದು ಗೊತ್ತಾಗುವುದಿಲ್ಲ, ಆದರೆ ಕೆಲವರಿಗೆ ಒಂದೆರಡು ಗಂಟೆಯಲ್ಲಿ ತಲೆನೋವು ಶುರುವಾಗುತ್ತದೆ. ಎಲ್ಲರಿಗೂ ಆಗುವುದಿಲ್ಲ. ನಿಮಗೆ ಆಗುತ್ತದೆಯೇ ಎಂದು ಅಂಗಡಿಯ ಐದು ನಿಮಿಷದಲ್ಲಿ ತಿಳಿಯದು. ಯಂತ್ರ ಮಿನುಗುತ್ತದೆಯೇ ಎಂಬುದು ಮಾತ್ರ ತಿಳಿಯುತ್ತದೆ. ಬೆಳಕನ್ನು ಕಾಲು ಭಾಗಕ್ಕೆ ಇಳಿಸಿ, ಬಿಳಿ ಪುಟ ತೆರೆದು, ಅದರ ಮುಂದೆ ಪೆನ್ಸಿಲನ್ನು ವೇಗವಾಗಿ ಅತ್ತಿತ್ತ ಬೀಸಿ. ಪೆನ್ಸಿಲ್ ಒಂದೇ ಮಸುಕು ಪಟ್ಟಿಯಾಗಿ ಕಂಡರೆ ಸರಿ. ಬಿಡಿಬಿಡಿಯಾಗಿ ಹತ್ತಾರು ಪೆನ್ಸಿಲ್‌ಗಳು ಕಂಡರೆ ಆ ಪರದೆ ಮಿನುಗುತ್ತಿದೆ. ಅಗ್ಗದ ಕೆಲವು ಐಪಿಎಸ್‌ಗಳೂ ಮಿನುಗುತ್ತವೆ, ಹಾಗಾಗಿ ಯಾವುದೇ ಪರದೆಗೂ ಈ ಪರೀಕ್ಷೆ ಮಾಡಿ.

ಓಎಲ್‌ಇಡಿ ಲ್ಯಾಪ್‌ಟಾಪ್‌ಗಳ ಗಾಜು ಸಾಮಾನ್ಯವಾಗಿ ಹೊಳಪಿನದು ಎಂಬುದು ನಿಮ್ಮ ಪಾಲಿಗೆ ಇನ್ನೊಂದು ತೊಡಕು. ನಮ್ಮ ಮನೆಗಳಲ್ಲಿ ಬೆನ್ನ ಹಿಂದೆ ಕಿಟಕಿ, ತಲೆಯ ಮೇಲೆ ಟ್ಯೂಬ್‌ಲೈಟ್. ಬಿಳಿ ಪುಟದ ನಡುವೆ ಕಿಟಕಿ ಮೂಡಿದರೆ ಓದುವುದು ಹೇಗೆ? ನಿಮಗೆ ಬೇಕಿರುವುದು ಮ್ಯಾಟ್ ಮೇಲ್ಮೈಯ ಐಪಿಎಸ್. ಬೆಳಕು ಕನಿಷ್ಠ 300 ನಿಟ್ಸ್ ಇರಲಿ. 250 ನಿಟ್ಸ್‌ನದನ್ನು ಹಗಲು ಹೊತ್ತು ಜಗುಲಿಯಲ್ಲಿ ಇಟ್ಟುಕೊಂಡು ಓದಲಾಗದು.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವಿನಲ್ಲಿ ನೀವು ದಿನವೂ ಓದುವಂಥ ಒಂದು ಸ್ಕ್ಯಾನ್ ಪುಟ, ಒಂದು ಟೈಪ್ ಮಾಡಿದ ಪುಟ ಒಯ್ಯಿರಿ. ಅಂಗಡಿಯವರು ಸಮುದ್ರದ, ಹೂವಿನ ವಿಡಿಯೊ ಹಾಕಿ ಪೂರ್ತಿ ಬೆಳಕಿನಲ್ಲಿ ತೋರಿಸುತ್ತಾರೆ. ಅದನ್ನು ಮುಚ್ಚಿಸಿ, ನಿಮ್ಮ ಪುಟ ತೆರೆಸಿ, ಕುರ್ಚಿ ಕೇಳಿ ಕೂತು ಓದಿ. ಕೊಳ್ಳುವವರು ಕೂತು ಓದಿ ನೋಡುವುದರಲ್ಲಿ ಸಂಕೋಚವೇನೂ ಬೇಡ.

ಇಂಟೆಲ್‌ನ ಐ3 ಅಥವಾ ಎಎಂಡಿಯ ರೈಜೆನ್ 3 ಮಟ್ಟದ ಈಚಿನ ಪ್ರೊಸೆಸರ್ ನಿಮ್ಮ ಕೆಲಸಕ್ಕೆ ಧಾರಾಳ. ಅಲ್ಲಿ ಉಳಿದದ್ದನ್ನು ಪರದೆಗೆ ಹಾಕಿ. ಕನ್ನಡಕದವರ ಬಳಿ ‘ಲ್ಯಾಪ್‌ಟಾಪ್ ದೂರಕ್ಕೆ’ ಎಂದು ಹೇಳಿ ಬೇರೆ ಕನ್ನಡಕ ಮಾಡಿಸಿಕೊಳ್ಳಿ. ಬೈಫೋಕಲ್‌ನಲ್ಲಿ ಕತ್ತೆತ್ತಿ ಓದಿ ಕುತ್ತಿಗೆ ನೋಯಿಸಿಕೊಂಡ ಹಿರಿಯರನ್ನು ತುಂಬ ನೋಡಿದ್ದೇನೆ.

ಮಗಳಿಗೆ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ. ಒಂದೇ ಬೆಲೆಗೆ ಎರಡು ತೋರಿಸಿದ್ದಾರೆ. ಒಂದು: ಐ7-1355ಯು, 8 ಜಿಬಿ ರ‍್ಯಾಮ್, 512 ಜಿಬಿ, ‘15.6 ಇಂಚು ಫುಲ್ ಎಚ್‌ಡಿ ಆಂಟಿ-ಗ್ಲೇರ್’. ಇನ್ನೊಂದು: ಐ5-1335ಯು, 16 ಜಿಬಿ, 512 ಜಿಬಿ, ‘ಐಪಿಎಸ್ 300 ನಿಟ್ಸ್’. ನೆಂಟರೆಲ್ಲ ಐ7 ಎನ್ನುತ್ತಾರೆ. ಗೇಮಿಂಗ್ ಲ್ಯಾಪ್‌ಟಾಪೇ ಬೇಕು ಎನ್ನುವವರೂ ಇದ್ದಾರೆ.
— ಓದುಗರು, ತಿಪಟೂರು

ಎರಡನೆಯದನ್ನು ತನ್ನಿ. ಕಾರಣ ಹೇಳುತ್ತೇನೆ, ನೆಂಟರಿಗೆ ತೋರಿಸಲು ಬೇಕಾಗುತ್ತದೆ.

ಐ7-1355ಯು ಮತ್ತು ಐ5-1335ಯು ಎರಡರಲ್ಲೂ ಕೋರ್‌ಗಳು, ಅಂದರೆ ಲೆಕ್ಕ ಮಾಡುವ ಘಟಕಗಳು, ಹತ್ತೇ. ಎರಡು ಬಲಿಷ್ಠ, ಎಂಟು ಮಿತವ್ಯಯದವು. ಕ್ಯಾಶ್ ಎಂಬ ಒಳಗಿನ ಪುಟ್ಟ ಮೆಮೊರಿ ಎರಡಕ್ಕೂ 12 ಎಂಬಿ. ಗರಿಷ್ಠ ವೇಗ ಒಂದಕ್ಕೆ 5.0 ಗಿಗಾಹರ್ಟ್ಸ್, ಇನ್ನೊಂದಕ್ಕೆ 4.6. ಆ ಗರಿಷ್ಠ ವೇಗವೂ ತೆಳು ಲ್ಯಾಪ್‌ಟಾಪ್ ಬಿಸಿಯಾಗುವವರೆಗೆ ಕೆಲವು ಕ್ಷಣ ಮಾತ್ರ. ನಿಮ್ಮ ಮಗಳಿಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

8 ಜಿಬಿ ಮತ್ತು 16 ಜಿಬಿಯ ವ್ಯತ್ಯಾಸ ಮೊದಲ ಸೆಮಿಸ್ಟರ್‌ನಲ್ಲೇ ಗೊತ್ತಾಗುತ್ತದೆ. ವಿಂಡೋಸ್ 11 ತನಗೇ ಮೂರು ನಾಲ್ಕು ಜಿಬಿ ತಗೊಳ್ಳುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಪರದೆಯ ಚಿತ್ರಕ್ಕೂ ಇದೇ ರ‍್ಯಾಮ್‌ನಿಂದ ಪಾಲು ಹೋಗುತ್ತದೆ. ಉಳಿದದ್ದರಲ್ಲಿ ಬ್ರೌಸರ್‌ನ ಹದಿನೈದು ಟ್ಯಾಬ್, ಆನ್‌ಲೈನ್ ಕ್ಲಾಸ್, ಫೋನಿನ ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೊ ಎಲ್ಲವೂ ನಡೆಯಬೇಕು. ಆಂಡ್ರಾಯ್ಡ್ ಸ್ಟುಡಿಯೊ ಒಂದಕ್ಕೇ ಬಹಳ ಜಾಗ ಬೇಕು. ‘ಆಮೇಲೆ ಹಾಕಿಸಿಕೊಳ್ಳಿ’ ಎಂದು ಅಂಗಡಿಯವರು ಹೇಳಿದರೆ ಒಂದು ಮಾತು ಕೇಳಿ: ರ‍್ಯಾಮ್ ಸ್ಲಾಟಿನಲ್ಲಿದೆಯೋ, ಬೋರ್ಡಿಗೇ ಬೆಸುಗೆಯೋ? ತೆಳು ಯಂತ್ರಗಳಲ್ಲಿ ಬೆಸುಗೆಯೇ ಹೆಚ್ಚು. ಎಲ್‌ಪಿಡಿಡಿಆರ್5 ಎಂದು ಬರೆದಿದ್ದರೆ ಬಹುತೇಕ ಬೆಸುಗೆಯೇ. ಬೆಸುಗೆ ಹಾಕಿದ್ದನ್ನು ನನ್ನ ಮೇಜಿನ ಮೇಲೆ ಹೆಚ್ಚಿಸಲಾಗದು. ‘ಮೇಡಂ, ಏನಾದರೂ ಮಾಡಿ’ ಎಂದು ಮೂರನೇ ವರ್ಷದ ಮಕ್ಕಳು ಬಂದು ನಿಂತಾಗ ಇಲ್ಲ ಎನ್ನಲು ನನಗೆ ಸಂಕಟವಾಗುತ್ತದೆ.

ಇನ್ನು ಪರದೆ. ಮೊದಲ ಯಂತ್ರದ ಚೀಟಿಯಲ್ಲಿ ‘ಐಪಿಎಸ್’ ಎಂಬ ಪದ ಇಲ್ಲ, ಗಮನಿಸಿ. ಐಪಿಎಸ್ ಹಾಕಿದ ಕಂಪನಿ ಅದನ್ನು ಬರೆಯದೆ ಬಿಡುವುದಿಲ್ಲ. ಪದ ಇಲ್ಲವೆಂದರೆ, ಅಥವಾ ‘ಎಸ್‌ವಿಎ’ ಎಂದಿದ್ದರೆ, ಒಳಗಿರುವುದು ಟಿಎನ್ ಎಂಬ ಹಳೆಯ, ಅಗ್ಗದ ಬಗೆ ಎಂದೇ ಭಾವಿಸಿ. ಆಂಟಿ-ಗ್ಲೇರ್ ಎಂಬುದು ಮೇಲ್ಮೈಯ ಗುಣ, ಪರದೆಯ ಜಾತಿಯಲ್ಲ. ಟಿಎನ್ ಗುರುತಿಸಲು ಪರದೆಯನ್ನು ನಿಧಾನವಾಗಿ ಹಿಂದಕ್ಕೆ ಬಾಗಿಸಿ, ಮುಂದಕ್ಕೆ ಎಳೆಯಿರಿ. ಮೇಲಿನಿಂದ ನೋಡಿದಾಗ ಬಣ್ಣ ತೊಳೆದುಹೋದಂತೆ, ಕೆಳಗಿನಿಂದ ನೋಡಿದಾಗ ಫೋಟೊದ ನೆಗೆಟಿವ್‌ನಂತೆ ತಿರುಗಿಮುರುಗಿ ಕಂಡರೆ ಅದು ಟಿಎನ್. ಹಾಸ್ಟೆಲ್ ಮಂಚದ ಮೇಲೆ ಮಡಿಲಲ್ಲಿಟ್ಟುಕೊಂಡು ನಾಲ್ಕು ವರ್ಷ ಓದುವ ಹುಡುಗಿಗೆ ಅಂಥದ್ದು ಕೊಡಿಸಬೇಡಿ.

ಒಂದೇ ಮಾದರಿಗೆ ಬೇರೆ ಬೇರೆ ತಯಾರಕರ ಪರದೆ ಬರುವುದೂ ಉಂಟು. ಮನೆಗೆ ತಂದ ದಿನವೇ ಎಚ್‌ಡಬ್ಲ್ಯೂಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿ ಮಾನಿಟರ್ ವಿಭಾಗದಲ್ಲಿ ಪರದೆಯ ಸಂಖ್ಯೆ ನೋಡಿ. ಎಯುಒ ಕಂಪನಿಯದಾದರೆ ಬಿ156ಎಚ್‌ಎಎನ್ ಎಂದು ಶುರುವಾಗುವುದು ಅಗಲ ನೋಟದ್ದು, ಬಿ156ಎಚ್‌ಟಿಎನ್ ಎಂಬುದು ಟಿಎನ್. ಬಿಒಇಯದಾದರೆ ಎನ್‌ವಿ ಒಳ್ಳೆಯದು, ಎನ್‌ಟಿ ಟಿಎನ್. ಹೇಳಿದ್ದು ಒಂದು ಬಂದದ್ದು ಇನ್ನೊಂದು ಆದರೆ, ಬದಲಿಸಿಕೊಡುವ ಅವಧಿಯೊಳಗೇ ಕೇಳಿ.

ಎಎಂಡಿ ನೋಡುವುದಾದರೆ ಇನ್ನೊಂದು ಎಚ್ಚರಿಕೆ. ರೈಜೆನ್ 5 7520ಯು, 7530ಯು, 7540ಯು ಮೂರೂ ಅಂಗಡಿಯಲ್ಲಿ ಅಣ್ಣತಮ್ಮಂದಿರಂತೆ ಕಾಣುತ್ತವೆ. ಮೂರನೆಯ ಅಂಕಿ ನೋಡಿ. 2 ಎಂದರೆ 2019ರಲ್ಲಿ ಬಂದ ಜೆನ್ 2 ವಿನ್ಯಾಸ, 3 ಎಂದರೆ 2020ರ ಜೆನ್ 3, 4 ಎಂದರೆ 2022ರ ಜೆನ್ 4. 7520ಯುನಲ್ಲಿ ಕೋರ್ ನಾಲ್ಕೇ, ಉಳಿದೆರಡರಲ್ಲಿ ಆರು. ಮೊದಲಂಕಿ 7 ಎಂದು ನೋಡಿ ಹೊಸದು ಎಂದುಕೊಂಡು ತರುವವರೇ ಜಾಸ್ತಿ.

ಗೇಮಿಂಗ್ ಲ್ಯಾಪ್‌ಟಾಪ್ ಬೇಡ. ಎರಡೂಕಾಲು ಕೆಜಿ ಯಂತ್ರ, ಇಟ್ಟಿಗೆಯಷ್ಟು ಅಡಾಪ್ಟರ್, ಕ್ಲಾಸಿನ ನಡುವೆ ಮುಗಿಯುವ ಬ್ಯಾಟರಿ. ಮೆಷಿನ್ ಲರ್ನಿಂಗ್ ಪಾಠಕ್ಕೆ ಬೇಕಾದ ಗ್ರಾಫಿಕ್ಸ್ ಶಕ್ತಿ ಗೂಗಲ್ ಕೊಲ್ಯಾಬ್ ಎಂಬ ಆನ್‌ಲೈನ್ ಸೇವೆಯಲ್ಲಿ ಮಿತಿಯೊಳಗೆ ಉಚಿತವಾಗಿಯೇ ಸಿಗುತ್ತದೆ. ಮೆಕ್ಯಾನಿಕಲ್, ಸಿವಿಲ್ ಮಕ್ಕಳಿಗೆ ಸಾಲಿಡ್‌ವರ್ಕ್ಸ್, ರೆವಿಟ್‌ನಂಥ ಭಾರದ ವಿನ್ಯಾಸ ತಂತ್ರಾಂಶಗಳು ಇರುವುದರಿಂದ ನನ್ನ ಉತ್ತರ ಬೇರೆಯಾಗುತ್ತಿತ್ತು. ಹಾಂ, 512 ಜಿಬಿ ಎಂದದ್ದು ವಿಂಡೋಸ್‌ನಲ್ಲಿ 476 ಎಂದು ತೋರಿಸುತ್ತದೆ. ಅದು ಎಣಿಕೆಯ ಕ್ರಮದ ವ್ಯತ್ಯಾಸ, ಮೋಸವಲ್ಲ.

ಮದುವೆ ಫೋಟೊ ತೆಗೆದು ಆಲ್ಬಂ ಮಾಡುತ್ತೇನೆ. ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಕಾಣುವ ಮುಖ ಆಲ್ಬಂನಲ್ಲಿ ಕೆಂಪಾಗಿ ಬರುತ್ತದೆ. ಲ್ಯಾಬಿನವರದು ತಪ್ಪೇ? ಹೊಸದು ಕೊಳ್ಳುವುದಾದರೆ ಓಎಲ್‌ಇಡಿ ತಗೊಳ್ಳಲೇ?
— ಓದುಗರು, ಉಡುಪಿ

ಮೊದಲು ನಿಮ್ಮ ಪರದೆಯನ್ನೇ ಪರೀಕ್ಷಿಸಿ. ‘ಶೇ. 45 ಎನ್‌ಟಿಎಸ್‌ಸಿ’ ಎಂದು ಚೀಟಿಯಲ್ಲಿದ್ದರೆ ಕಾರಣ ಅಲ್ಲೇ ಇದೆ. ಎನ್‌ಟಿಎಸ್‌ಸಿ ಎಂಬುದು 1953ರ ಅಮೆರಿಕದ ಬಣ್ಣದ ಟಿವಿ ಮಾನದಂಡ. ಅದರ ಶೇ. 45 ಎಂದರೆ, ಈಗ ಲ್ಯಾಬುಗಳು ಸಾಮಾನ್ಯವಾಗಿ ಕೇಳುವ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಮೂರನೇ ಎರಡು ಭಾಗಕ್ಕಿಂತ ಕಡಿಮೆ. ಅಂಥ ಪರದೆಯಲ್ಲಿ ಕೆಂಪು ಸೋತು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಧಾರೆ ಸೀರೆ, ಕುಂಕುಮ, ಬಂಗಾರ ಎಲ್ಲವೂ ಸಪ್ಪೆ. ನೀವು ‘ಇನ್ನಷ್ಟು ಬಣ್ಣ’ ಎಂದು ಏರಿಸುತ್ತೀರಿ, ನಿಮ್ಮ ಪರದೆಯಲ್ಲಿ ಅದು ಹದವಾಗಿ ಕಾಣುತ್ತದೆ, ಕಾಗದದ ಮೇಲೆ ಮುಖ ಕೆಂಪಾಗುತ್ತದೆ. ಲ್ಯಾಬಿನವರು ನೀವು ಕಳಿಸಿದ್ದನ್ನೇ ಮುದ್ರಿಸಿದ್ದಾರೆ.

ಶೇ. 100 ಎಸ್‌ಆರ್‌ಜಿಬಿ ಎಂದು ಬರೆದಿರುವ ಐಪಿಎಸ್ ನಿಮ್ಮ ಕೆಲಸಕ್ಕೆ ಸಾಕು. ಓಎಲ್‌ಇಡಿ ತಗೊಂಡರೂ ತಪ್ಪಿಲ್ಲ, ಫೋಟೊದವರಿಗೆ ಅದರಿಂದ ನಿಜವಾದ ಲಾಭವಿದೆ. ಆದರೆ ಅದು ಡಿಸಿಐ-ಪಿ3 ಎಂಬ ಇನ್ನೂ ಅಗಲದ ಬಣ್ಣಗಳನ್ನು ತೋರಿಸುತ್ತದೆ, ಎಲ್ಲವನ್ನೂ ಕಣ್ಣು ಕುಕ್ಕುವಂತೆ ಮಾಡುತ್ತದೆ. ಆಗ ನೀವು ಬಣ್ಣ ಇಳಿಸುತ್ತೀರಿ, ಆಲ್ಬಂ ಸಪ್ಪೆಯಾಗುತ್ತದೆ. ತೊಂದರೆ ತಿರುವುಮುರುವಾಯಿತು ಅಷ್ಟೆ. ಎಸ್‌ಆರ್‌ಜಿಬಿ ಮೋಡ್‌ಗೆ ಬದಲಿಸುವ ಸೌಲಭ್ಯ ಆ ಯಂತ್ರದಲ್ಲಿದೆಯೇ ಎಂದು ಕೇಳಿಯೇ ಕೊಳ್ಳಿ. ಯಾವುದನ್ನು ತಂದರೂ ಬಣ್ಣ ಅಳೆಯುವ ಕ್ಯಾಲಿಬ್ರೇಟರ್ ಒಂದನ್ನು ಊರಿನ ನಾಲ್ಕು ಫೋಟೊಗ್ರಾಫರುಗಳು ಸೇರಿ ಕೊಂಡುಕೊಳ್ಳಿ. ಅದಿಲ್ಲದೆ ದುಬಾರಿ ಪರದೆಯೂ ಊಹೆಯೇ. ರಾತ್ರಿ ಕತ್ತಲೆ ಕೋಣೆಯಲ್ಲಿ ಪೂರ್ತಿ ಬೆಳಕಿಟ್ಟು ಎಡಿಟ್ ಮಾಡಬೇಡಿ, ಮುದ್ರಣ ಕಪ್ಪಿಡುತ್ತದೆ.

ರ‍್ಯಾಮ್ 16 ಜಿಬಿಗೆ ಕಡಿಮೆ ಬೇಡ, 32 ಸಿಕ್ಕರೆ ಒಳ್ಳೆಯದು. ಫೋಟೊದ ಕಾಳುಕಾಳನ್ನು ಅಳಿಸುವ ಲೈಟ್‌ರೂಮ್‌ನ ಡಿನಾಯ್ಸ್ ಬಳಸುವವರಾದರೆ ನಿಮಗೆ ಮಾತ್ರ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಆ ಕೆಲಸವನ್ನು ಅದು ಕಾರ್ಡಿನಿಂದಲೇ ಮಾಡಿಸುತ್ತದೆ.

ತೆರಿಗೆ ಸಲಹೆಗಾರ. ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಪೋರ್ಟಲ್, ಡಿಜಿಟಲ್ ಸಹಿಯ ಡಾಂಗಲ್, ಹಳೆಯದೊಂದು ಪ್ರಿಂಟರ್. ಬ್ಯಾಟರಿ ದಿನವಿಡೀ ಬರುತ್ತದೆಂದು ಸ್ನಾಪ್‌ಡ್ರ್ಯಾಗನ್ ಲ್ಯಾಪ್‌ಟಾಪ್ ತೋರಿಸುತ್ತಿದ್ದಾರೆ, ಓಎಲ್‌ಇಡಿ ಪರದೆಯದು.
— ಓದುಗರು, ಗದಗ

ಬ್ಯಾಟರಿಯ ಮಾತು ನಿಜ. ಆದರೆ ಸ್ನಾಪ್‌ಡ್ರ್ಯಾಗನ್ ಎಂಬುದು ಇಂಟೆಲ್, ಎಎಂಡಿಗಳಿಗಿಂತ ಬೇರೆ ಜಾತಿಯ, ಆರ್ಮ್ ವಿನ್ಯಾಸದ ಚಿಪ್. ಸಾಮಾನ್ಯ ತಂತ್ರಾಂಶಗಳನ್ನು ವಿಂಡೋಸ್ ಅದಕ್ಕೆ ತಕ್ಕಂತೆ ಅನುವಾದಿಸಿ ನಡೆಸುತ್ತದೆ. ಡ್ರೈವರ್‌ಗಳನ್ನು, ಅಂದರೆ ಪ್ರಿಂಟರ್‌ನಂಥ ಸಾಧನಗಳನ್ನು ನಡೆಸುವ ಪುಟ್ಟ ತಂತ್ರಾಂಶಗಳನ್ನು, ಹಾಗೆ ನಡೆಸಲಾಗದು, ಆರ್ಮ್‌ಗೆಂದೇ ಬರೆದ ಡ್ರೈವರ್ ಬೇಕು. ನಿಮ್ಮ ಡಾಂಗಲ್‌ಗೆ, ಹಳೆಯ ಪ್ರಿಂಟರ್‌ಗೆ ಅಂಥದ್ದಿದೆ ಎಂದು ತಯಾರಕರ ಜಾಲತಾಣದಲ್ಲಿ ಕಣ್ಣಾರೆ ಕಾಣುವವರೆಗೆ ದುಡ್ಡು ಕೊಡಬೇಡಿ. ರಿಟರ್ನ್ ಸಲ್ಲಿಸುವ ಕಡೆಯ ದಿನ ಸಹಿ ಹಾಕಲಾಗದಿದ್ದರೆ ಬ್ಯಾಟರಿ ಇದ್ದೇನು ಪ್ರಯೋಜನ?

ಓಎಲ್‌ಇಡಿಯೂ ನಿಮಗೆ ಹೊಂದದು. ಟ್ಯಾಲಿಯ ಪಟ್ಟಿಗಳು, ಎಕ್ಸೆಲ್ ಗೆರೆಗಳು, ಕೆಳಗಿನ ಟಾಸ್ಕ್‌ಬಾರ್ ದಿನಕ್ಕೆ ಹತ್ತು ಗಂಟೆ ಅಲ್ಲಾಡದೆ ಕೂತಿದ್ದರೆ ವರ್ಷಗಳಲ್ಲಿ ಅಲ್ಲಿನ ಚುಕ್ಕೆಗಳು ಬೇಗ ಸವೆದು ನೆರಳು ಉಳಿಯುವ ಅಪಾಯವಿದೆ. ಓಎಲ್‌ಇಡಿ ಬದಲಿಸುವ ಖರ್ಚು ಐಪಿಎಸ್‌ಗಿಂತ ಬಹಳ ಹೆಚ್ಚು. ನಂಬರ್ ಪ್ಯಾಡ್ ಇರುವ, ಮ್ಯಾಟ್ ಐಪಿಎಸ್‌ನ ಐ5 ಅಥವಾ ರೈಜೆನ್ 5, 16 ಜಿಬಿ ತನ್ನಿ. ಉಳಿದದ್ದರಲ್ಲಿ ಮೇಜಿನ ಮೇಲೆ 24 ಇಂಚಿನ ಐಪಿಎಸ್ ಮಾನಿಟರ್ ಇಡಿ. ಎಡಕ್ಕೆ ಪೋರ್ಟಲ್, ಬಲಕ್ಕೆ ಲೆಕ್ಕ. ಒಮ್ಮೆ ರೂಢಿಯಾದರೆ ಬಿಡಲಾರಿರಿ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ₹22,000ದ ಒಳಗೆ ಹೊಸದು ತಗೊಳ್ಳಲೇ, ಹಳೆಯದನ್ನು ಸರಿಪಡಿಸಿ ಮಾರುವ (ರಿಫರ್ಬಿಶ್ಡ್) ಥಿಂಕ್‌ಪ್ಯಾಡ್ ಟಿ480 ತಗೊಳ್ಳಲೇ?
— ಓದುಗರು, ಕಲಬುರಗಿ

ಟಿ480. ಆ ಬೆಲೆಯ ಹೊಸ ಯಂತ್ರಗಳಲ್ಲಿ 4 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಬದಲು ನಿಧಾನಗತಿಯ ಇಎಂಎಂಸಿ ಸಂಗ್ರಹ, ಟಿಎನ್ ಪರದೆ, ಇವುಗಳಲ್ಲಿ ಯಾವುದಾದರೂ ಒಂದು ಸಿಕ್ಕಿಕೊಳ್ಳುತ್ತದೆ. ಟಿ480ಯಲ್ಲಿ ರ‍್ಯಾಮ್‌ಗೆ ಎರಡು ಸ್ಲಾಟ್ ಇವೆ, ದುಡ್ಡು ಕೂಡಿದಾಗ ಹೆಚ್ಚಿಸಬಹುದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಕನಿಷ್ಠ ಎಂಟನೇ ತಲೆಮಾರು ಬೇಕು. ಟಿ480 ಸಾಮಾನ್ಯವಾಗಿ ಐ5-8250ಯು ಅಥವಾ 8350ಯು ಜೊತೆ ಬರುತ್ತದೆ, ಎರಡೂ ಎಂಟನೇ ತಲೆಮಾರಿನವು, ನಡೆಯುತ್ತವೆ. ಅದರ ಅಣ್ಣ ಟಿ470 ಕೊಟ್ಟರೆ ಬೇಡ ಎನ್ನಿ.

ಟಿ480 ಎರಡು ಬಗೆಯ ಪರದೆಯಲ್ಲಿ ಹೆಚ್ಚಾಗಿ ಸಿಗುತ್ತದೆ: 1366×768ರ ಟಿಎನ್, 1920×1080ರ ಐಪಿಎಸ್. ಎರಡನೆಯದನ್ನೇ ಹುಡುಕಿ. ಮೊದಲನೆಯದು ತೀರಾ ಅಗ್ಗಕ್ಕೆ ಸಿಕ್ಕರೆ ಬಿಡಬೇಡಿ, 30 ಪಿನ್‌ನ 14 ಇಂಚಿನ ಐಪಿಎಸ್ ಪರದೆ ಬೇರೆಯಾಗಿ ಕೊಂಡು ಹಾಕಿಸಬಹುದು, ಅರ್ಧ ಗಂಟೆಯ ಕೆಲಸ. ಹಣ ಕೊಡುವ ಮುನ್ನ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಂದೊಂದಾಗಿ ಪೂರ್ತಿ ಪರದೆಗೆ ಹಾಕಿ ಸತ್ತ ಚುಕ್ಕೆ ಇದೆಯೇ ನೋಡಿ. ಇದರಲ್ಲಿ ಎರಡು ಬ್ಯಾಟರಿ ಇರುತ್ತವೆ, ಒಂದು ಒಳಗೆ, ಒಂದು ಹಿಂದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ powercfg /batteryreport ಎಂದು ಕೊಟ್ಟು ಬ್ಯಾಟರಿ ರಿಪೋರ್ಟ್ ತೆಗೆಸಿ, ಎರಡರ ಈಗಿನ ಸಾಮರ್ಥ್ಯವನ್ನೂ ಮೂಲ ಸಾಮರ್ಥ್ಯದ ಜೊತೆ ಹೋಲಿಸಿ. ಅರ್ಧಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಅಲ್ಲೇ ಕಡಿತ ಮಾಡಿಸಿ.